ಹಾಸನ ಸೀಮೆಯಲ್ಲಿ ಸಂಗೀತ ಕೇಳಲು ಹೊರಟವರು

ಹಾಸನ ಜಿಲ್ಲೆಯ ಸಂಗೀತದ ಬಗ್ಗೆ ಬರೆದವರು ಹಾಡಿದವರ ಮತ್ತು ನುಡಿಸಿದವರ ವಂಶಾವಳಿಯನ್ನು, ಅವರ ಗುರುಪರಂಪರೆಯನ್ನು, ಅವರಿಗೆ ಸಂದ ಬಿರುದುಗಳನ್ನು ಸಾಕಷ್ಟು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಆದರೆ ಆ ಹಾಡುಗಾರಿಕೆಯನ್ನು ಕೇಳಲೆಂದು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಬುತ್ತಿ ಕಟ್ಟಿಸಿಕೊಂಡು, ಗಾಡಿಯಲ್ಲೋ ರೈಲಿನಲ್ಲೋ ಬಸ್ಸಿನಲ್ಲೋ ಹೊರಟ ಕೇಳುಗರ ಕಥೆ ಮಾತ್ರ ಯಾವ ಪುಸ್ತಕದಲ್ಲಿಯೂ ಒಂದು ಅಧ್ಯಾಯವಾಗಿ ಬಂದಂತಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಪಯಣದ ಪದ್ಧತಿಗೂ ಒಂದು ಇತಿಹಾಸವಿದೆಯೆಂಬುದು, ಯಾವ ಊರಿನ ಕಿವಿ ಯಾವ ಸಂಗೀತಕ್ಕೆ ಒಗ್ಗಿತು ಎಂಬುದನ್ನು ಬಹುಮಟ್ಟಿಗೆ ಆ ಊರಿನಿಂದ ಹೊರಡುವ ದಾರಿಯೇ ತೀರ್ಮಾನಿಸಿತೆಂಬುದು ಸ್ಪಷ್ಟವಾಗುತ್ತದೆ.

ಈ ಸೀಮೆಯಲ್ಲಿ ಹಾಡು ಮತ್ತು ನೃತ್ಯಗಳ ಸಾರ್ವಜನಿಕ ಪ್ರದರ್ಶನ ಹೊಯ್ಸಳರ ಕಾಲದಷ್ಟು ಹಳೆಯದು. ಬೇಲೂರಿನ ದೇವಾಲಯವನ್ನು 1117ರಲ್ಲಿ ಪ್ರತಿಷ್ಠಾಪಿಸಿದ ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದು ಹೊಗಳಿವೆ. ಹೊಯ್ಸಳ ಗುಡಿಗಳ ನವರಂಗ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ, ದೇವರ ಎದುರು ಹಾಡಿ ಕುಣಿಯುವುದಕ್ಕೂ ಒದಗುತ್ತಿದ್ದ ಜಾಗ. ಅಲ್ಲಿ ನೆರೆದ ಜನ ಎಲ್ಲಿಂದ, ಹೇಗೆ ಬಂದರೆಂಬುದನ್ನು ಶಾಸನಗಳು ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಅವುಗಳಿಗೆ ಇರಲಿಲ್ಲ. ಆದರೆ ಸಂಗೀತವು ದೇವರ ಸೇವೆಯ ಒಂದು ಭಾಗವಾಗಿ ಗುಡಿಯ ಅಂಗಳದಲ್ಲಿ ನಡೆಯಬೇಕೆಂಬ ಕ್ರಮ ಆಮೇಲೆ ಎಂಟು ಶತಮಾನಗಳ ಕಾಲ ಉಳಿದುಬಂದಿತು, ಮತ್ತು ಸಂಸಾರ ಸಮೇತ ಹೊರಡುವ ರೂಢಿಗೆ ಆಧಾರವಾದದ್ದೂ ಆ ಕ್ರಮವೇ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಳ್ಳಿಯ ಹೆಂಗಸು ಕೇವಲ ಹಾಡು ಕೇಳುವುದಕ್ಕೆಂದು ಊರು ಬಿಟ್ಟು ಹೋಗುವುದು ಯೋಚನೆಗೂ ನಿಲುಕದ ಸಂಗತಿಯಾಗಿತ್ತು. ರಥೋತ್ಸವಕ್ಕೆ, ಹರಕೆಗೆ, ಹೊಳೆಯ ಸ್ನಾನಕ್ಕೆ, ನಂಟರ ಮನೆಯ ಲಗ್ನಕ್ಕೆ ಹೋಗುವುದು ಮಾತ್ರ ಎಲ್ಲರೂ ಒಪ್ಪಿದ ಪದ್ಧತಿ. ಸಂಗೀತ ಈ ಒಪ್ಪಿತ ಪಯಣಗಳ ಬೆನ್ನೇರಿಯೇ ಕುಟುಂಬಗಳನ್ನು ತಲುಪಿತು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಮಾರ್ಗಶಿರ ಮಾಸದ ಚಂಪಾಷಷ್ಠಿಯಂದು ನಡೆಯುವ ಸುಬ್ರಹ್ಮಣ್ಯ ಸ್ವಾಮಿಯ ತೇರು, ಹೇಮಾವತಿಯ ದಂಡೆಯ ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹ ಸ್ವಾಮಿಯ ತೇರು ಇಂತಹ ಸಂದರ್ಭಗಳು. ಅಲ್ಲಿ ಓಲಗ, ಅಂದರೆ ನಾಗಸ್ವರ ಮತ್ತು ಡೋಲುಗಳ ಮೇಳ, ಉತ್ಸವಮೂರ್ತಿಯ ಮುಂದೆ ರಾಗವನ್ನು ವಿಸ್ತರಿಸುತ್ತ ಸಾಗುತ್ತಿತ್ತು. ಸಂಜೆಯ ಮೇಲೆ ಹರಿಕಥೆ, ಅಂದರೆ ಕಥೆ, ಹಾಡು, ಅಭಿನಯಗಳನ್ನು ಒಬ್ಬರೇ ನಡೆಸಿಕೊಡುವ ನಿರೂಪಣೆ, ನಡುರಾತ್ರಿಯವರೆಗೆ ನಡೆಯುತ್ತಿತ್ತು. ಜಾತ್ರೆಯ ಬಯಲಿನಲ್ಲಿ ನಾಟಕದ ಕಂಪನಿ ಬಿಡಾರ ಹೂಡಿದ್ದರೆ ರಂಗಗೀತೆಗಳೂ ಕಿವಿಗೆ ಬೀಳುತ್ತಿದ್ದವು. ಕಂಪನಿ ನಾಟಕದ ನಟನಿಗೆ ಅಭಿನಯಕ್ಕಿಂತ ಮೊದಲು ಕಂಠ ಬೇಕಿತ್ತೆಂಬುದನ್ನೂ, ಮೆಚ್ಚಿದ ಹಾಡನ್ನು ಪ್ರೇಕ್ಷಕರು ಮತ್ತೆ ಮತ್ತೆ ಹಾಡಿಸುತ್ತಿದ್ದರೆಂಬುದನ್ನೂ ನೆನೆದರೆ ಅದನ್ನು ಈ ಸೀಮೆಯ ಮೊದಲ ಟಿಕೆಟ್ಟಿನ ಸಂಗೀತಸಭೆಯೆಂದು ಕರೆಯುವುದು ತಪ್ಪಾಗಲಾರದು.

ಈ ಪಯಣಗಳ ವಾಹನ ಕಮಾನುಗಾಡಿ. ಎತ್ತಿನ ಗಾಡಿಯ ಮೇಲೆ ಬಿದಿರಿನ ದಬ್ಬೆಗಳನ್ನು ಬಾಗಿಸಿ ಕಟ್ಟಿ, ಅದರ ಮೇಲೆ ಚಾಪೆ ಹೊದಿಸಿ, ಒಳಗೆ ಒಣಹುಲ್ಲು ಹರಡಿ ಜಮಖಾನ ಹಾಸಿದರೆ ಹೆಂಗಸರು ಮಕ್ಕಳು ಕುಳಿತು, ದಣಿದಾಗ ಒರಗಿ ಹೋಗುವಂತಹ ಒಂದು ಸಣ್ಣ ಕೋಣೆ ಸಿದ್ಧವಾಗುತ್ತಿತ್ತು. ರಾತ್ರಿಯ ಹಾದಿಗೆ ಮೂಕಿಯ ಕೆಳಗೆ ಲಾಟೀನನ್ನು ತೂಗುಬಿಡುವುದು ವಾಡಿಕೆ. ಬುತ್ತಿಯಲ್ಲಿ ಕೆಡದೆ ಉಳಿಯುವ ಹುಳಿಯನ್ನ, ಹುರಿಹಿಟ್ಟಿನ ಉಂಡೆ, ಮಕ್ಕಳಿಗೆಂದು ಮೊಸರನ್ನ, ಉಣ್ಣಲು ಮುತ್ತುಗದ ಎಲೆ ಇರುತ್ತಿದ್ದವು. ಗಾಡಿ ದಿನಕ್ಕೆ ಎಷ್ಟು ದೂರ ಸಾಗಬಲ್ಲದೆಂಬುದು ಎತ್ತಿನ ಕಾಲಿಗೆ ಬಿಟ್ಟ ವಿಷಯವಾದುದರಿಂದ ಕೇಳುಗನ ಜಗತ್ತೂ ಅಷ್ಟೇ ದೂರಕ್ಕೆ ನಿಲ್ಲುತ್ತಿತ್ತು. ಅರಕಲಗೂಡಿನಿಂದ ಸುಮಾರು 30 ಕಿಲೋಮೀಟರ್ ದೂರದ ಹಾಸನ ಒಂದು ದಿನದ ಹಾದಿ, ಮೈಸೂರು ಕಲ್ಪನೆಯ ಹಾದಿ. ಹೇಮಾವತಿ ತೀರದ ಗೊರೂರಿನವರಾದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (1904–1991) ತಮ್ಮ 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಮೊದಲಾದ ಪ್ರಬಂಧ ಸಂಕಲನಗಳಲ್ಲಿ ಕಟ್ಟಿಕೊಟ್ಟದ್ದು ಈ ಗಾಡಿಗಾಲದ ಹಳ್ಳಿಗಳನ್ನೇ.

ಹಾಗಿದ್ದೂ ಶಾಸ್ತ್ರೀಯ ಸಂಗೀತವನ್ನು ಕೇಳಲು ಎಲ್ಲಿಗೂ ಹೋಗಬೇಕಾಗಿಲ್ಲದ ಒಂದು ಊರು ಇದೇ ಅರಕಲಗೂಡು ತಾಲ್ಲೂಕಿನಲ್ಲಿತ್ತು. ಕಾವೇರಿಯ ದಂಡೆಯ ಮೇಲೆ, ರಾಮನಾಥಪುರಕ್ಕೆ ಸಮೀಪದಲ್ಲಿರುವ ರುದ್ರಪಟ್ಟಣ ಸಂಕೇತಿ ಬ್ರಾಹ್ಮಣರ ನೆಲೆಗಳಲ್ಲಿ ಒಂದು. ನಾಚಾರಮ್ಮನೆಂಬ ಸಾಧ್ವಿಯ ಹಿಂದೆ ತಮಿಳುನಾಡು ಕೇರಳಗಳ ಗಡಿಸೀಮೆಯಿಂದ ಹೊರಟು ಬಂದವರೆಂದು ತಮ್ಮನ್ನು ಹೇಳಿಕೊಳ್ಳುವ, ತಮಿಳು ಮಲಯಾಳಗಳ ಅಂಶಗಳು ಬೆರೆತ ಮನೆಮಾತನ್ನು ಉಳಿಸಿಕೊಂಡಿರುವ ಈ ಸಮುದಾಯ ಹಾಸನದ ಬಳಿಯ ಕೌಶಿಕ, ಕಾವೇರಿ ಸೀಮೆಯ ಬೆಟ್ಟದಪುರ ಮುಂತಾದೆಡೆ ನೆಲೆಸಿ ವೇದಾಧ್ಯಯನ, ಅಡಿಕೆ ತೆಂಗುಗಳ ಬೇಸಾಯ, ಗಮಕ ಮತ್ತು ಸಂಗೀತಗಳನ್ನು ಒಟ್ಟಿಗೇ ನಡೆಸಿಕೊಂಡು ಬಂದಿತು. ಗಮಕವೆಂದರೆ ಇಲ್ಲಿ ಹಳಗನ್ನಡ, ನಡುಗನ್ನಡ ಕಾವ್ಯಗಳನ್ನು ರಾಗಕ್ಕೆ ಅಳವಡಿಸಿ ಓದುವ ಕಲೆ. ಕನ್ನಡನಾಡಿನಲ್ಲಿ ವಿದ್ವಾಂಸರ ಹೆಸರಿನ ಮೊದಲಿಗೆ ಬರುವ 'ಆರ್' ಎಂಬ ಅಕ್ಷರ ಎಷ್ಟೋ ಕಡೆ ರುದ್ರಪಟ್ಟಣವನ್ನೇ ಸೂಚಿಸುತ್ತದೆ: ಪಿಟೀಲು ವಿದ್ವಾಂಸರಾದ ಆರ್.ಕೆ. ವೆಂಕಟರಾಮ ಶಾಸ್ತ್ರಿ, ಅವರ ತಮ್ಮ ಗಾಯಕ ಆರ್.ಕೆ. ಶ್ರೀಕಂಠನ್ (1920–2014), ರುದ್ರಪಟ್ಟಣ ಸಹೋದರರೆಂದು ಜೋಡಿಯಾಗಿ ಹಾಡಿ ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಗಾಯಕ ಆರ್.ಕೆ. ಪದ್ಮನಾಭ ಇವರೆಲ್ಲ ಈ ಒಂದೇ ಹಳ್ಳಿಯ ಬೇರಿನವರು. ಏಳು ತಂತಿಯ ಪಿಟೀಲಿಗೆ ಹೆಸರಾಗಿದ್ದ ಆರ್.ಆರ್. ಕೇಶವಮೂರ್ತಿ ಬೇಲೂರಿನಲ್ಲಿ ಹುಟ್ಟಿದರೂ ಅವರ ಮೊದಲ 'ಆರ್' ಕೂಡ ಇದೇ ಊರಿನದು.

ಆದರೆ ರುದ್ರಪಟ್ಟಣದ ಪ್ರತಿಭೆ ರುದ್ರಪಟ್ಟಣದಲ್ಲಿ ನಿಲ್ಲಲಿಲ್ಲ. ಆಶ್ರಯ, ಶಿಷ್ಯರು, ಸಂಬಳ ಎಲ್ಲವೂ ಇದ್ದದ್ದು ಮೈಸೂರಿನಲ್ಲಿ. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯರಂತಹವರು ಬೆಳಗಿದ ಅರಮನೆಯ ನಗರಕ್ಕೆ ಹಳ್ಳಿಯ ಹುಡುಗರು ಓದಿನ ಮತ್ತು ಪಾಠದ ನೆಪದಲ್ಲಿ ಹೊರಟುಹೋದರು. ಶ್ರೀಕಂಠನ್ ಮೈಸೂರಿನಲ್ಲಿ ಅಣ್ಣನ ಶಿಕ್ಷಣದಲ್ಲಿ ಬೆಳೆದು, ಆಕಾಶವಾಣಿಯಲ್ಲಿ ದೀರ್ಘಕಾಲ ದುಡಿದು, 1995ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದನ್ನು, 2011ರಲ್ಲಿ ಪದ್ಮಭೂಷಣವನ್ನು ಪಡೆದು, ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ತುಂಬುಕಂಠದಿಂದ ಹಾಡಿದವರು. ಹಾಡುವವರು ಊರು ಬಿಟ್ಟ ಮೇಲೆ ಕೇಳುವವರು ಅವರ ಹಿಂದೆ ಹೋಗಬೇಕಾಯಿತು. ಹಾಸನ ಸೀಮೆಯ ಸಂಗೀತಯಾತ್ರೆಯ ಎರಡನೆಯ ಹಂತ ಶುರುವಾಗುವುದು ಇಲ್ಲಿಂದ.

ಆ ಹಂತವನ್ನು ಸಾಧ್ಯವಾಗಿಸಿದ್ದು ಅರಸೀಕೆರೆಯಿಂದ ಹಾಸನ, ಹೊಳೆನರಸೀಪುರಗಳ ಮೂಲಕ ಮೈಸೂರಿಗೆ ಹೋಗುವ ರೈಲು. ಮೈಸೂರು ಸಂಸ್ಥಾನದ ಸರ್ಕಾರ ಹಾಕಿಸಿದ ಈ ಮೀಟರ್ ಗೇಜ್ ಹಾದಿ, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಕಿರಿದಾದ ಹಾದಿ, 1918ರ ಹೊತ್ತಿಗೆ ಓಡಾಟಕ್ಕೆ ತೆರೆದುಕೊಂಡಿತು. ಮಾವಿನಕೆರೆ, ಹೊಳೆನರಸೀಪುರ, ಅಕ್ಕಿಹೆಬ್ಬಾಳು, ಕೃಷ್ಣರಾಜನಗರಗಳ ಮೇಲೆ ಸಾಗುತ್ತಿದ್ದ ಆ ಗಾಡಿ ಹೊಳೆನರಸೀಪುರದವರಿಗೆ ಮೈಸೂರನ್ನು ಒಂದು ಹಗಲಿನೊಳಗಿನ ಊರನ್ನಾಗಿ ಮಾಡಿತು. ದಸರೆಗೆ ಹೋಗುವುದೆಂದರೆ ಜಂಬೂಸವಾರಿ ನೋಡುವುದು, ವಸ್ತುಪ್ರದರ್ಶನದಲ್ಲಿ ಸುತ್ತುವುದು, ಚಾಮುಂಡಿಗೆ ಹಣ್ಣುಕಾಯಿ ಮಾಡಿಸುವುದು, ಅದರ ಜೊತೆಗೆ ಅರಮನೆಯ ಬ್ಯಾಂಡನ್ನೋ ವಿದ್ವಾಂಸರ ಕಛೇರಿಯನ್ನೋ ಕೇಳಿ ಬರುವುದು. ಇಲ್ಲಿಯೂ ದೇವರು ಮತ್ತು ಹಬ್ಬ ಮುಂದೆ, ಸಂಗೀತ ಹಿಂದೆ. ಆದರೂ ಮನೆಗೆ ಮರಳಿದ ಮೇಲೆ ಉಳಿಯುತ್ತಿದ್ದ ಮಾತು ಯಾರು ಹಾಡಿದರು, ಯಾವ ರಾಗ ಎತ್ತಿಕೊಂಡರು ಎಂಬುದು. ಅರಕಲಗೂಡಿನವರು ಈ ರೈಲನ್ನು ಹಿಡಿಯಲು ಹಾಸನಕ್ಕೋ ಹೊಳೆನರಸೀಪುರಕ್ಕೋ ಬರಬೇಕಾಗಿತ್ತು, ಏಕೆಂದರೆ ಅವರ ತಾಲ್ಲೂಕಿಗೆ ಹಳಿ ಬರಲೇ ಇಲ್ಲ.

ಅರಕಲಗೂಡಿನ ಹೆಸರು ಕನ್ನಡ ಸಾಹಿತ್ಯದಲ್ಲಿ ಸಂಗೀತದೊಡನೆ ಸೇರಿಕೊಂಡದ್ದು ಇನ್ನೊಂದು ದಾರಿಯಿಂದ. ಅರಕಲಗೂಡು ಮನೆತನದ ಅ.ನ. ಕೃಷ್ಣರಾಯರು ಸಂಗೀತಗಾರನೊಬ್ಬನ ಬದುಕನ್ನೇ ವಸ್ತುವಾಗಿಟ್ಟುಕೊಂಡು 'ಸಂಧ್ಯಾರಾಗ' ಕಾದಂಬರಿಯನ್ನು ಬರೆದರು. 1966ರಲ್ಲಿ ರಾಜಕುಮಾರ್ ನಟಿಸಿದ ಚಲನಚಿತ್ರವಾಗಿ ಅದು ತೆರೆಗೆ ಬಂದಾಗ ಭೀಮಸೇನ ಜೋಶಿಯವರ ಕಂಠ ಟೆಂಟ್ ಸಿನಿಮಾದ ಮೂಲಕ, ಕಛೇರಿಯ ಮುಖವನ್ನೇ ಕಾಣದ ಊರುಗಳಿಗೂ ತಲುಪಿತು.

ಚನ್ನರಾಯಪಟ್ಟಣದ ಕಥೆ ಬೇರೆ. ಬೆಂಗಳೂರಿನಿಂದ ಹಾಸನ, ಸಕಲೇಶಪುರಗಳ ಮೂಲಕ ಮಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರಿಗೆ ಇಪ್ಪತ್ತನೆಯ ಶತಮಾನದುದ್ದಕ್ಕೂ ರೈಲಿರಲಿಲ್ಲ; ಅದರ ಮುಖ ಬಸ್ಸಿನ ಕಾರಣದಿಂದ ಬೆಂಗಳೂರಿನ ಕಡೆಗೆ ತಿರುಗಿಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವದಿಂದ ಇದ್ದಿಲ ಗ್ಯಾಸಿನ ಒಲೆಯನ್ನು ಹಿಂದೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡುತ್ತಿದ್ದ ಖಾಸಗಿ ಮೋಟಾರುಗಳ ನಂತರ, 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. ಕೆಂಪು ಬಸ್ಸು ಕ್ರಮೇಣ ಹಳ್ಳಿಗಳ ತನಕ ಬಂದಾಗ ಸಂಸಾರದ ಪಯಣಕ್ಕೆ ಗಾಡಿಯ ಮಾಲೀಕತ್ವ ಬೇಕಾಗಲಿಲ್ಲ. ಎತ್ತಿಲ್ಲದವನೂ ಟಿಕೆಟ್ ಕೊಂಡು ಹೊರಡಬಹುದಾಯಿತು. ಯಾರು ಕೇಳಬಹುದು ಎಂಬ ಪ್ರಶ್ನೆಗೆ ಜಾತಿ ಮತ್ತು ಹಣ ಹಾಕಿದ್ದ ಗಡಿಗಳನ್ನು ಬಸ್ಸು ಒಂದೇ ಏಟಿಗೆ ಅಳಿಸಿತೆನ್ನುವುದು ಉತ್ಪ್ರೇಕ್ಷೆ, ಆದರೆ ಆ ಗಡಿಗಳನ್ನು ಸಡಿಲಿಸಿದ ಸಾಧನಗಳಲ್ಲಿ ಅದನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಬೇಕು.

ಬೆಂಗಳೂರು ಕೊಟ್ಟ ದೊಡ್ಡ ಆಕರ್ಷಣೆ ರಾಮೋತ್ಸವ. ಚಾಮರಾಜಪೇಟೆಯಲ್ಲಿ 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಆರಂಭಿಸಿದ ಶ್ರೀರಾಮಸೇವಾ ಮಂಡಲಿ ಕೋಟೆ ಪ್ರೌಢಶಾಲೆಯ ಅಂಗಳದಲ್ಲಿ ಚಪ್ಪರ ಹಾಕಿ ವಾರಗಟ್ಟಲೆ ಕಛೇರಿಗಳನ್ನು ನಡೆಸುತ್ತ ಬಂದಿತು; ಎಂ.ಎಸ್. ಸುಬ್ಬುಲಕ್ಷ್ಮಿಯವರಂತಹ ದೊಡ್ಡ ಹೆಸರುಗಳು ಅಲ್ಲಿ ಹಾಡಿದವು. ರಾಮನವಮಿ ಚೈತ್ರ ಮಾಸದಲ್ಲಿ ಬರುವುದು ಹಾಸನ ಸೀಮೆಯ ಕುಟುಂಬಗಳ ಮಟ್ಟಿಗೆ ಬಹಳ ದೊಡ್ಡ ಅನುಕೂಲ: ರಾಗಿಯ ಒಕ್ಕಣೆ ಮುಗಿದು ಕಾಳು ಕಣಜ ಸೇರಿರುತ್ತದೆ, ಈ ಜಿಲ್ಲೆಯ ಹೆಸರುವಾಸಿ ಬೆಳೆಯಾದ ಆಲೂಗೆಡ್ಡೆಯ ಬಿತ್ತನೆ ಮೇ ತಿಂಗಳ ಮಳೆಗೆ ಕಾದಿರುತ್ತದೆ, ಮಕ್ಕಳಿಗೆ ಬೇಸಿಗೆ ರಜೆ ಬಂದಿರುತ್ತದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಚಿಕ್ಕಪ್ಪನದೋ ಸೋದರತ್ತೆಯದೋ ಮನೆಯಲ್ಲಿ ಉಳಿದುಕೊಂಡು, ಹಗಲೆಲ್ಲ ಲಾಲ್‌ಬಾಗು ಮತ್ತು ಚಿಕ್ಕಪೇಟೆ ಸುತ್ತಿ, ಸಂಜೆ ಕೋಟೆಯ ಚಪ್ಪರದಲ್ಲಿ ಕುಳಿತುಕೊಳ್ಳುವುದು ಒಂದು ತಲೆಮಾರಿನ ರಜೆಯ ರೂಪವಾಯಿತು. ಇದಕ್ಕೆ ಹೋಲಿಸಿದರೆ ಭಾದ್ರಪದದ ಗಣೇಶೋತ್ಸವದ ಕಛೇರಿಗಳು ಮಳೆಗಾಲದ ನಡುವೆ ಬರುವುದರಿಂದ, ಹೇಮಾವತಿ ತುಂಬಿ ಹರಿಯುತ್ತಿದ್ದ ಹಳೆಯ ದಿನಗಳಲ್ಲಿ ದೂರದ ಪಯಣಕ್ಕೆ ಒದಗುತ್ತಿರಲಿಲ್ಲ. ಅವು ಆಯಾ ಪೇಟೆಯ ಜನರ ಉತ್ಸವಗಳಾಗಿಯೇ ಬೆಳೆದವು.

ಕಛೇರಿಯ ರಚನೆ ಕೂಡ ಸಂಸಾರದ ಅನುಕೂಲಕ್ಕೆ ಬಾಗಿಕೊಂಡಿದ್ದನ್ನು ಗಮನಿಸಬೇಕು. ಇಂದು ರೂಢಿಯಲ್ಲಿರುವ ಕರ್ನಾಟಕ ಸಂಗೀತದ ಕಛೇರಿಯ ಕ್ರಮವನ್ನು ಗಟ್ಟಿಗೊಳಿಸಿದವರು ಅರಿಯಾಕ್ಕುಡಿ ರಾಮಾನುಜ ಅಯ್ಯಂಗಾರ್ (1890–1967) ಎಂದು ಹೇಳಲಾಗುತ್ತದೆ: ಮೊದಲಿಗೆ ಕಂಠವನ್ನು ಹದಗೊಳಿಸುವ ವರ್ಣ, ಆಮೇಲೆ ಒಂದರ ಹಿಂದೊಂದು ಕೃತಿಗಳು, ನಡುವೆ ವಿಸ್ತಾರವಾದ ಒಂದು ರಾಗ, ಅದಕ್ಕೆ ಹೊಂದಿಕೊಂಡು ಮೃದಂಗದವರು ತಾವೇ ಲಯವನ್ನು ಬೆಳೆಸಿ ನುಡಿಸುವ ತನಿ ಆವರ್ತನ, ಕೊನೆಗೆ ದೇವರನಾಮ ಮತ್ತು ಮಂಗಳ. ಈ ಕ್ರಮದಲ್ಲಿ ಗಂಡಸರಲ್ಲಿ ಬಲ್ಲವರು ರಾಗವಿಸ್ತಾರಕ್ಕೆ ತಲೆದೂಗುತ್ತ ಬೆರಳೆಣಿಸಿ ತಾಳ ಹಾಕುತ್ತಿದ್ದರೆ, ಮಕ್ಕಳು ತನಿ ಆವರ್ತನಕ್ಕೆ ಎದ್ದು ಕುಳಿತು, ಅಜ್ಜಿಯರು ಕೊನೆಯ ದೇವರನಾಮಕ್ಕೆ ಕೈಮುಗಿದು ಪಯಣ ಸಾರ್ಥಕವಾಯಿತೆಂದುಕೊಳ್ಳುತ್ತಿದ್ದರು. ತನಿ ಆವರ್ತನದ ಹೊತ್ತಿಗೆ ಕಾಫಿಗೆ ಎದ್ದುಹೋಗುವ ಕೆಟ್ಟ ಚಾಳಿಯೂ ಇದೇ ಸಭೆಗಳಲ್ಲಿ ಬೆಳೆದದ್ದು. ಕಛೇರಿಯ ಕಡೆಯಲ್ಲಿ ಹಗುರವಾದ ರಚನೆಗಳನ್ನು ಹಾಡುವುದನ್ನು ಪಂಡಿತರು ಕೆಲವರು ಇಳಿಕೆಯೆಂದು ಬಗೆದಿದ್ದಾರೆ, ಆದರೆ ದೂರದ ಊರುಗಳಿಂದ ಹೆಂಗಸರು ಮಕ್ಕಳು ಬಂದು ಕೂರುವ ಸಭೆಗೆ ಆ ಭಾಗವಿಲ್ಲದೆ ಉಳಿಗಾಲವಿರಲಿಲ್ಲ.

ಮೆಚ್ಚಿನ ಗಾಯಕ, ಮೆಚ್ಚಿನ ಗಾಯಕಿ ಎಂಬ ಭಾವನೆ ಹಳ್ಳಿಗಳಲ್ಲಿ ಬೇರೂರಿದ್ದು ರೇಡಿಯೊ ಬಂದ ಮೇಲೆ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಪ್ರಸಾರ ಕೇಂದ್ರ ಮುಂದೆ ಇಡೀ ದೇಶದ ರೇಡಿಯೊಗೆ 'ಆಕಾಶವಾಣಿ' ಎಂಬ ಹೆಸರನ್ನು ಕೊಟ್ಟಿತು. ಜಾತ್ರೆಯ ಕಾಲದ ಕೇಳುಗ ಅಲ್ಲಿ ಯಾರು ಹಾಡಿದರೆ ಅವರನ್ನು ಕೇಳುತ್ತಿದ್ದ; ರೇಡಿಯೊದ ಕೇಳುಗನಿಗೆ ಕಂಠ ಮೊದಲೇ ಪರಿಚಯವಾಗಿ, ಆ ಕಂಠದ ಒಡೆಯನನ್ನು ಕಣ್ಣಾರೆ ನೋಡಬೇಕೆಂಬ ಆಸೆ ಆಮೇಲೆ ಹುಟ್ಟುತ್ತಿತ್ತು. ಪಯಣದ ಉದ್ದೇಶ ತಲೆಕೆಳಗಾದದ್ದು ಇಲ್ಲಿ: ದೇವರ ನೆಪವಿಲ್ಲದೆ, ಒಬ್ಬ ನಿರ್ದಿಷ್ಟ ಕಲಾವಿದನನ್ನು ಕೇಳಲೆಂದೇ ಕುಟುಂಬವೊಂದು ಹೊರಡುವುದು ಮೊದಲ ಬಾರಿಗೆ ಸಹಜವೆನಿಸಿತು.

ಈ ಹೊಸ ಬಗೆಯ ಮೆಚ್ಚುಗೆಯ ಅತಿ ದೊಡ್ಡ ಉದಾಹರಣೆ ಚನ್ನರಾಯಪಟ್ಟಣದಲ್ಲಿ 1939ರ ಡಿಸೆಂಬರ್ 29ರಂದು ಹುಟ್ಟಿದ ಸಿ. ಅಶ್ವಥ್. ಕವಿಗಳ ಭಾವಗೀತೆಗಳಿಗೆ ರಾಗ ಕೂಡಿಸಿ, ಮಾತಿನ ಅರ್ಥ ಮಸುಕಾಗದಂತೆ ಹಾಡುವ ಸುಗಮ ಸಂಗೀತವೆಂಬ ಪ್ರಕಾರವನ್ನು ಪಿ. ಕಾಳಿಂಗರಾಯರು ಮತ್ತು ಮೈಸೂರು ಅನಂತಸ್ವಾಮಿಯವರು ಜನಪ್ರಿಯಗೊಳಿಸಿದ್ದರು; ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂದ ಮೇಲೆ ಈ ಹಾಡುಗಳು ಕ್ಯಾಸೆಟ್ಟಿನ ರೂಪದಲ್ಲಿ ಮನೆಮನೆಯನ್ನು ಹೊಕ್ಕವು. ಬೆಂಗಳೂರಿನ ದೂರವಾಣಿ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಸಂಗೀತ ಸಂಯೋಜನೆ ಮಾಡಿದ ಅಶ್ವಥ್, ಶಿಶುನಾಳ ಶರೀಫರ ತತ್ವಪದಗಳನ್ನು ನಾಡಿಗೆಲ್ಲ ಕೇಳಿಸಿದರು; ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯ ಕವಿತೆಗಳನ್ನು ಆಧರಿಸಿದ ಚಿತ್ರಕ್ಕೂ ಸಂಗೀತ ಕೊಟ್ಟರು. ಆ ಕವಿಯ ಹುಟ್ಟೂರು ಕಿಕ್ಕೇರಿ ಚನ್ನರಾಯಪಟ್ಟಣದಿಂದ ಕೃಷ್ಣರಾಜಪೇಟೆಗೆ ಹೋಗುವ ರಸ್ತೆಯ ಮೇಲೆಯೇ ಇದೆ, ಜಿಲ್ಲೆ ಬೇರೆಯಾದರೂ ಸೀಮೆ ಒಂದೇ ಎನ್ನುವಷ್ಟು ಹತ್ತಿರ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2005ರಲ್ಲಿ ನಡೆದ ಅಶ್ವಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ನೆರೆದ ಜನಸಾಗರ, ಸಿನಿಮಾದ ಹಾಡನ್ನು ನಂಬದೆ ಕನ್ನಡದ ಕವಿತೆಯನ್ನೇ ನಂಬಿ ಅಷ್ಟು ದೊಡ್ಡ ಮೈದಾನವನ್ನು ತುಂಬಿಸಬಹುದೆಂಬುದನ್ನು ತೋರಿಸಿತು. ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, 2009ರ ಡಿಸೆಂಬರ್ 29ರಂದು, ಅಶ್ವಥ್ ತೀರಿಕೊಂಡರು.

ಕ್ಯಾಸೆಟ್ಟಿನ ದಶಕಗಳಲ್ಲಿ ಪಯಣದ ದಿಕ್ಕು ಕೊಂಚ ಬದಲಾಗಿ, ಕಲಾವಿದರೇ ಸಣ್ಣ ಪೇಟೆಗಳಿಗೆ ಬರತೊಡಗಿದರು. ಹಾಸನದ ಗಣಪತಿ ಪೆಂಡಾಲಿನಲ್ಲಿ, ಚನ್ನರಾಯಪಟ್ಟಣದ ಗಣಪತಿ ಮಂಟಪದಲ್ಲಿ ವಾದ್ಯಗೋಷ್ಠಿ, ಅಂದರೆ ಸಿನಿಮಾ ಗೀತೆಗಳನ್ನು ಹಾಡುವ ಆರ್ಕೆಸ್ಟ್ರಾ, ಹರಿಕಥೆ ಮತ್ತು ಕಛೇರಿಗಳ ಪಕ್ಕದಲ್ಲಿ ಜಾಗ ಪಡೆಯಿತು. ಸುತ್ತಲ ಹಳ್ಳಿಗಳ ಕುಟುಂಬಗಳು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಬಾಡಿಗೆಯ ಮೆಟಡೋರಿನಲ್ಲಿ ಬಂದು ಚಾಪೆ ಹಾಸಿ ಕುಳಿತು ಕಡೆಯ ಹಾಡಿನವರೆಗೆ ಕೇಳಿ ಹೋಗುವುದು ರೂಢಿಯಾಯಿತು. ಹನ್ನೆರಡು ವರ್ಷಕ್ಕೊಮ್ಮೆ ಶ್ರವಣಬೆಳಗೊಳದಲ್ಲಿ ನಡೆಯುವ ಮಹಾಮಸ್ತಕಾಭಿಷೇಕವೂ, ಈಚೆಗೆ 2006 ಮತ್ತು 2018ರಲ್ಲಿ ನಡೆದಂತೆ, ಚನ್ನರಾಯಪಟ್ಟಣ ತಾಲ್ಲೂಕಿನವರಿಗೆ ನಾಡಿನ ಹೆಸರಾಂತ ಕಲಾವಿದರನ್ನು ಮನೆಯ ಹತ್ತಿರವೇ ಕೇಳಿಸಿದ ಸಂದರ್ಭ.

ದಿಕ್ಕು ಪೂರ್ತಿಯಾಗಿ ತಿರುಗಿದ್ದು ರುದ್ರಪಟ್ಟಣದಲ್ಲಿ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಆರ್.ಕೆ. ಪದ್ಮನಾಭ ಅವರ ಮುಂದಾಳತ್ವದಲ್ಲಿ ಆ ಹಳ್ಳಿಯಲ್ಲಿ ವಾರ್ಷಿಕ ಸಂಗೀತೋತ್ಸವ ಶುರುವಾಯಿತು, ಅದರ ಬೆನ್ನಿಗೇ ಸಪ್ತಸ್ವರಗಳನ್ನು ದೇವತೆಗಳಾಗಿ ಕಲ್ಪಿಸಿದ, ತಂಬೂರಿಯ ಆಕಾರದ ಧ್ಯಾನಮಂದಿರವೂ ತಲೆಯೆತ್ತಿತು. ಹಿಂದೆ ಸಂಗೀತವನ್ನು ಹುಡುಕಿಕೊಂಡು ಮೈಸೂರಿಗೆ, ಬೆಂಗಳೂರಿಗೆ ಹೋದವರ ಮಕ್ಕಳು ಮೊಮ್ಮಕ್ಕಳು ಈಗ ಆ ನಗರಗಳಿಂದ ಕಾರುಗಳಲ್ಲಿ ಹಳ್ಳಿಗೆ ಬಂದು, ಕಾವೇರಿಯಲ್ಲಿ ಕಾಲು ತೊಳೆದು, ಅಗ್ರಹಾರದ ಬೀದಿಯಲ್ಲಿ ಕುಳಿತು ಕೇಳುವಂತಾಯಿತು. ಸ್ವರಗಳಿಗೆ ಗುಡಿ ಕಟ್ಟುವುದು ಭಾವುಕತೆಯೆಂದು ಯಾರಾದರೂ ಮೂಗು ಮುರಿಯಬಹುದು. ಆದರೆ ಕಚ್ಚಾ ಲೆಕ್ಕದಲ್ಲಿ ನೋಡಿದರೂ ಊರು ಬಿಟ್ಟುಹೋದ ಒಂದು ವಿದ್ಯೆಯನ್ನು ವರ್ಷಕ್ಕೊಮ್ಮೆಯಾದರೂ ಊರಿಗೆ ಕರೆತರಲು ಇದಕ್ಕಿಂತ ಗಟ್ಟಿಯಾದ ಏರ್ಪಾಡು ಈ ಜಿಲ್ಲೆಯಲ್ಲಿ ಮತ್ತೊಂದು ಆಗಿಲ್ಲ.

ಇತ್ತೀಚಿನ ಸ್ಥಿತಿಯನ್ನು ಬೇಗ ಹೇಳಿ ಮುಗಿಸಬಹುದು. ಬೆಂಗಳೂರು ಹಾಸನ ಹೆದ್ದಾರಿ ನಾಲ್ಕು ಪಥಗಳದ್ದಾಗಿದೆ; ಶಾಂತಲೆಯ ಹೆಸರಿನೊಡನೆ ತಳಕು ಹಾಕಿಕೊಂಡಿರುವ ಶಾಂತಿಗ್ರಾಮದಲ್ಲಿ ಇಂದು ಟೋಲ್ ಕಟ್ಟಿ ಮುಂದೆ ಹೋಗಬೇಕು. ಕುಣಿಗಲ್, ಚನ್ನರಾಯಪಟ್ಟಣಗಳ ಮೂಲಕ ಬೆಂಗಳೂರಿಗೆ ನೇರ ರೈಲು 2017ರ ಮಾರ್ಚ್‌ನಲ್ಲಿ ಆರಂಭವಾದ ಮೇಲೆ ಚನ್ನರಾಯಪಟ್ಟಣದವರೂ ರಾಜಧಾನಿಗೆ ರೈಲಿನಲ್ಲಿ ಹೋಗುವಂತಾಯಿತು. ಮೈಸೂರಿನ ಯುವದಸರಾ 2024ರಲ್ಲಿ ಉತ್ತನಹಳ್ಳಿಯ ಬಯಲಿಗೆ ಹೋಗಿ ಶ್ರೇಯಾ ಘೋಷಾಲ್, ಎ.ಆರ್. ರೆಹಮಾನ್, ಇಳಯರಾಜಾ ಅವರನ್ನು ಕರೆಸಿದಾಗ, ಫೋನಿನಲ್ಲೇ ಟಿಕೆಟ್ ಪಡೆದು ಮಧ್ಯಾಹ್ನ ಹೊರಟು ರಾತ್ರಿಯೇ ಊರಿಗೆ ಮರಳುವುದು ಹೊಳೆನರಸೀಪುರದವರಿಗೆ ಕಷ್ಟವಲ್ಲದ ಕೆಲಸವಾಗಿತ್ತು. ನಂಟರ ಮನೆಯಲ್ಲಿ ಉಳಿಯುವ ಅಗತ್ಯ ಹೋಯಿತು, ಅದರೊಂದಿಗೆ ಕಛೇರಿಯ ಮಾರನೆಯ ದಿನ ನಂಟರ ಹಜಾರದಲ್ಲಿ ನಡೆಯುತ್ತಿದ್ದ ಚರ್ಚೆಯೂ ಹೋಯಿತು.

ಗಾಡಿಯಲ್ಲಿ ರಾಮನಾಥಪುರಕ್ಕೆ, ಮೀಟರ್ ಗೇಜ್ ರೈಲಿನಲ್ಲಿ ದಸರೆಗೆ ಹೋದ ತಲೆಮಾರು ಈಗ ಬೆರಳೆಣಿಕೆಯಷ್ಟು ಉಳಿದಿದೆ. ಉತ್ಸವ ಸಮಿತಿಗಳ ಆಹ್ವಾನ ಪತ್ರಿಕೆಗಳು, ರಾಮೋತ್ಸವದ ಕಾರ್ಯಕ್ರಮ ಪಟ್ಟಿಗಳು, ಮನೆಯ ಜಮಾಖರ್ಚಿನ ಪುಸ್ತಕದಲ್ಲಿ ಬಸ್ ಚಾರ್ಜು ಎಂದು ಬರೆದಿಟ್ಟ ಸಾಲುಗಳು, ಸಭೆಯಲ್ಲಿ ಯಾರೋ ಟೇಪಿಗೆ ಇಳಿಸಿಕೊಂಡ ಕ್ಯಾಸೆಟ್ಟುಗಳು ಈ ನಾಲ್ಕು ತಾಲ್ಲೂಕುಗಳ ಅಟ್ಟಗಳ ಮೇಲೆ ಇನ್ನೂ ಇರಬಹುದು. ಹಳೆಯ ಕಾಗದವೆಂದು ರದ್ದಿಗೆ ಹಾಕುವ ಮೊದಲು ಅವುಗಳ ಒಂದು ಪ್ರತಿಯನ್ನು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಸಾರ್ವಜನಿಕ ಗ್ರಂಥಾಲಯಕ್ಕೋ ಒಪ್ಪಿಸುವುದು ಅವುಗಳ ಒಡೆಯರು ಮಾಡಬಹುದಾದ ಕೆಲಸ.